ತಡವಾಗಿ ಬರುವ ಸುದ್ದಿ

ನರದೊಳಗೆ ಹರಿಯುವ ಸಂದೇಶದ ವೇಗವನ್ನು ಅಳೆಯುವುದು ಮನುಷ್ಯನಿಂದ ಬಹುಶಃ ಎಂದಿಗೂ ಆಗದ ಕೆಲಸ ಎಂದು ಹತ್ತೊಂಬತ್ತನೆಯ ಶತಮಾನದ ಜರ್ಮನಿಯ ಹೆಸರಾಂತ ಶರೀರವಿಜ್ಞಾನಿ ಯೊಹಾನೆಸ್ ಮ್ಯುಲರ್ ಬರೆದಿಟ್ಟಿದ್ದರು. ಅವರ ಅಂದಾಜಿನಲ್ಲಿ ಆ ವೇಗ ಅಷ್ಟು ಅಗಾಧ. ಮನಸ್ಸು ಮಾಡಿದೊಡನೆ ಕೈ ಏಳುತ್ತದೆ, ಆ ಎರಡರ ನಡುವೆ ಅಳೆಯುವುದಕ್ಕೆ ಏನಿದೆ ಎಂದು ಯಾರಿಗಾದರೂ ಅನ್ನಿಸುವುದು ಸಹಜವೇ. ಅವರದೇ ಶಿಷ್ಯ ಹರ್ಮನ್ ಹೆಲ್ಮ್‌ಹೋಲ್ಟ್ಸ್‌ಗೆ ಮಾತ್ರ ಹಾಗನ್ನಿಸಲಿಲ್ಲ. 1850ರಲ್ಲಿ ಕೋನಿಗ್ಸ್‌ಬರ್ಗಿನಲ್ಲಿ, ತಮ್ಮ 28ನೆಯ ವಯಸ್ಸಿನಲ್ಲಿ, ಕಪ್ಪೆಯ ಕಾಲಿನ ಸ್ನಾಯುವೊಂದನ್ನು ಅದರ ನರದ ಸಮೇತ ಬಿಡಿಸಿ ತೆಗೆದು, ನರಕ್ಕೆ ಒಮ್ಮೆ ಸ್ನಾಯುವಿನ ಹತ್ತಿರ, ಇನ್ನೊಮ್ಮೆ ಅದರಿಂದ ದೂರದಲ್ಲಿ ವಿದ್ಯುತ್ತಿನ ಸಣ್ಣ ಆಘಾತ ಕೊಟ್ಟರು. ದೂರದಲ್ಲಿ ಕೊಟ್ಟಾಗ ಸ್ನಾಯು ತುಸು ತಡವಾಗಿ ಸೆಟೆಯಿತು. ತಡವಾದದ್ದು ಸೆಕೆಂಡಿನ ಸಾವಿರದ ಒಂದೆರಡು ಭಾಗದಷ್ಟು. ಲೆಕ್ಕ ಹಾಕಿದರೆ ಸಂದೇಶದ ವೇಗ ಸೆಕೆಂಡಿಗೆ ಸುಮಾರು 27 ಮೀಟರ್, ಅಂದರೆ ಗಂಟೆಗೆ ನೂರು ಕಿಲೋಮೀಟರಿಗೂ ಒಂದಿಷ್ಟು ಕಡಿಮೆ.

ಮನುಷ್ಯನ ನರಗಳು ಕಪ್ಪೆಯವಕ್ಕಿಂತ ಚುರುಕು. ಸ್ಪರ್ಶವನ್ನೂ ಸ್ನಾಯುಗಳ ಎಳೆತವನ್ನೂ ತಿಳಿಸುವ ದಪ್ಪ ಎಳೆಗಳಲ್ಲಿ ಸಂದೇಶ ಸೆಕೆಂಡಿಗೆ 50ರಿಂದ 80 ಮೀಟರ್ ಓಡುತ್ತದೆ. ನೋವಿನ ಒಂದು ಬಗೆಯನ್ನು ಒಯ್ಯುವ ಸಪೂರ ಎಳೆಗಳಲ್ಲಿ ಅದೇ ವೇಗ ಸೆಕೆಂಡಿಗೆ ಒಂದು ಮೀಟರಿನ ಆಸುಪಾಸು, ನಡೆಯುವವನ ವೇಗ. ಹೊಸ್ತಿಲಿಗೆ ಕಾಲು ಎಡವಿದಾಗ ಮೊದಲು ತಗುಲಿದ್ದು ಗೊತ್ತಾಗುತ್ತದೆ. 'ಅಯ್ಯೋ' ಎನ್ನಿಸುವ ಆಳದ ನೋವು ಒಂದು ಗಳಿಗೆ ಬಿಟ್ಟು ಏರಿಕೊಂಡು ಬರುತ್ತದೆ. ಎರಡೂ ಹೊರಟದ್ದು ಒಂದೇ ಹೊತ್ತಿಗೆ, ಬಂದು ಸೇರಿದ್ದು ಬೇರೆ ಬೇರೆ ಹೊತ್ತಿಗೆ. ಕಣ್ಣಿನದೂ ನಿಧಾನದ ದಾರಿಯೇ. ಅಕ್ಷಿಪಟದ ಜೀವಕೋಶಗಳಲ್ಲಿ ಬೆಳಕು ರಾಸಾಯನಿಕ ಬದಲಾವಣೆಯಾಗಿ, ಆಮೇಲೆ ವಿದ್ಯುತ್ ಸಂಕೇತವಾಗಿ ಮಾರ್ಪಡುವುದಕ್ಕೇ ಸೆಕೆಂಡಿನ ನೂರರ ಕೆಲವು ಭಾಗಗಳು ಕಳೆಯುತ್ತವೆ. ದೀಪ ಹೊತ್ತಿದೊಡನೆ ಗುಂಡಿ ಒತ್ತಿ ಎಂದರೆ ಆರೋಗ್ಯವಂತ ಯುವಕರೂ ತೆಗೆದುಕೊಳ್ಳುವ ಸಮಯ ಸೆಕೆಂಡಿನ ಐದನೆಯ ಒಂದು ಭಾಗ.

ಅಂದರೆ ಮೆದುಳಿಗೆ ಬರುವ ಸುದ್ದಿಯೆಲ್ಲ ಹಳೆಯದು. ಕೈ ಎಲ್ಲಿದೆ ಎಂದು ಅದಕ್ಕೆ ತಿಳಿಯುವ ಹೊತ್ತಿಗೆ ಕೈ ಅಲ್ಲಿರುವುದಿಲ್ಲ. ಹಾಗಿದ್ದೂ ನಾವು ಮೆಟ್ಟಿಲನ್ನು ಓಡಿ ಇಳಿಯುತ್ತೇವೆ, ಓಡುವ ಬಸ್ಸಿನಲ್ಲಿ ನಿಂತು ಚಿಲ್ಲರೆ ಎಣಿಸುತ್ತೇವೆ, ವೀಣೆಯ ಮೇಲೆ ಬೆರಳು ಓಡಿಸುತ್ತೇವೆ. ಚಲನೆಯ ಮನೋವಿಜ್ಞಾನ ಕಳೆದ ನೂರೆಪ್ಪತ್ತು ವರ್ಷಗಳಲ್ಲಿ ಕಂಡುಕೊಂಡದ್ದರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಸಂಗತಿ ಇದಕ್ಕೆ ಸಿಕ್ಕ ಉತ್ತರ: ಮೆದುಳು ಸುದ್ದಿಗಾಗಿ ಕಾಯುವುದಿಲ್ಲ. ಬರಲಿರುವ ಸುದ್ದಿಯನ್ನು ಮೊದಲೇ ಊಹಿಸಿಕೊಂಡು ಮುಂದುವರಿಯುತ್ತದೆ. ನಾವು 'ನೋಡಿದೆ', 'ಮುಟ್ಟಿದೆ' ಎನ್ನುವುದರಲ್ಲಿ ಆ ಊಹೆಯ ಪಾಲು ನಾವು ಎಣಿಸಿದ್ದಕ್ಕಿಂತ ಬಹಳ ಹೆಚ್ಚು.

ಇದನ್ನು ಅತ್ಯಂತ ಸ್ಪಷ್ಟವಾಗಿ ನೋಡಬಹುದಾದ ಜಾಗ ಕ್ರಿಕೆಟ್ ಅಂಗಳ. ಗಂಟೆಗೆ 140 ಕಿಲೋಮೀಟರ್ ವೇಗದ ಎಸೆತ ಬೌಲರನ ಕೈಬಿಟ್ಟು ಬ್ಯಾಟ್ಸ್‌ಮನ್ ಬಳಿ ಬರಲು ಹೆಚ್ಚೆಂದರೆ ಅರ್ಧ ಸೆಕೆಂಡು. ಅದರಲ್ಲಿ ಬ್ಯಾಟ್ ಎತ್ತಬೇಕು, ಕಾಲು ಸರಿಸಬೇಕು, ಹೊಡೆತ ಯಾವುದೆಂದು ಗೊತ್ತುಮಾಡಬೇಕು. ದೊಡ್ಡ ಆಟಗಾರರ ಬಗ್ಗೆ 'ಅವನಿಗೆ ಟೈಮ್ ಜಾಸ್ತಿ' ಎನ್ನುವ ಮಾತು ಎಲ್ಲ ಮೈದಾನಗಳಲ್ಲೂ ಇದೆ. ಜಿ. ಆರ್. ವಿಶ್ವನಾಥ್ ಚೆಂಡನ್ನು ಕೊನೆಯವರೆಗೆ ಬಿಟ್ಟುಕೊಂಡು ಸ್ಕ್ವೇರ್ ಕಟ್ ಮಾಡುವುದನ್ನು ಕಂಡವರೆಲ್ಲ ಹಾಗೆಂದುಕೊಂಡಿರಬೇಕು. ಹಾಗಾದರೆ ಅಂಥವರ ಕಣ್ಣು ಬೇರೆಯವರಿಗಿಂತ ಚುರುಕೆ?

ಇಂಗ್ಲೆಂಡಿನ ಮನೋವಿಜ್ಞಾನಿ ಪೀಟರ್ ಮೆಕ್ಲೌಡ್ ಇದನ್ನು ನೇರವಾಗಿ ಪರೀಕ್ಷೆಗೆ ಒಡ್ಡಿದರು. 1987ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಮ್ಯಾಟಿಂಗ್ ಪಿಚ್ಚಿನ ಅಡಿಯಲ್ಲಿ, ಚೆಂಡು ಬರುವ ದಿಕ್ಕಿಗೇ ಉದ್ದುದ್ದವಾಗಿ ಮರದ ಸಣ್ಣ ಕೋಲುಗಳನ್ನು ಇಟ್ಟಿದ್ದರು. ಚೆಂಡು ಕೋಲಿನ ಮೇಲೆ ಬಿದ್ದರೆ ಎಡಕ್ಕೋ ಬಲಕ್ಕೋ ತಿರುಗುತ್ತಿತ್ತು. ಯಾವ ಕಡೆಗೆ ಎಂದು ಹೇಳಲು ಯಾರಿಂದಲೂ ಸಾಧ್ಯವಿರಲಿಲ್ಲ. ಆಡಿದವರಲ್ಲಿ ಟೆಸ್ಟ್ ಆಟಗಾರರಿದ್ದರು. ಬ್ಯಾಟಿನ ಚಲನೆಯನ್ನು ಚಿತ್ರೀಕರಿಸಿ ಒಂದೊಂದು ಚೌಕಟ್ಟನ್ನೂ ಅಳೆದಾಗ ಕಂಡದ್ದು ಇಷ್ಟು: ಚೆಂಡು ಪುಟಿದು ದಿಕ್ಕು ಬದಲಿಸಿದ ಮೇಲೆ ಸುಮಾರು 200 ಮಿಲಿಸೆಕೆಂಡು, ಅಂದರೆ ಅದೇ ಐದನೆಯ ಒಂದು ಭಾಗ, ಕಳೆಯುವವರೆಗೆ ಬ್ಯಾಟ್ ತನ್ನ ಹಳೆಯ ದಾರಿಯಲ್ಲೇ ಬರುತ್ತಿತ್ತು. ಗುಂಡಿ ಒತ್ತುವ ಸಾಮಾನ್ಯ ಮನುಷ್ಯನಿಗೂ ಟೆಸ್ಟ್ ಆಟಗಾರನಿಗೂ ಈ ಒಂದು ವಿಷಯದಲ್ಲಿ ವ್ಯತ್ಯಾಸವಿರಲಿಲ್ಲ.

ವ್ಯತ್ಯಾಸ ಎಲ್ಲಿದೆ ಎನ್ನುವುದು ಗೊತ್ತಾದದ್ದು 2000ದಲ್ಲಿ. ಮೆಕ್ಲೌಡ್ ಮತ್ತು ದೃಷ್ಟಿವಿಜ್ಞಾನಿ ಮೈಕಲ್ ಲ್ಯಾಂಡ್ ಸೇರಿ, ಬೇರೆ ಬೇರೆ ಮಟ್ಟದ ಮೂವರು ಬ್ಯಾಟ್ಸ್‌ಮನ್‌ಗಳ ತಲೆಗೆ ಸಣ್ಣ ಕ್ಯಾಮೆರಾ ಕಟ್ಟಿ, ಬೌಲಿಂಗ್ ಯಂತ್ರದ ಚೆಂಡುಗಳನ್ನು ಆಡುವಾಗ ಅವರ ಕಣ್ಣು ಎಲ್ಲಿ ನೆಟ್ಟಿರುತ್ತದೆ ಎಂದು ನೋಡಿದರು. 'ಚೆಂಡಿನ ಮೇಲಿಂದ ಕಣ್ಣು ತೆಗೆಯಬೇಡ' ಎಂದು ಎಲ್ಲ ಕೋಚುಗಳೂ ಹೇಳುತ್ತಾರೆ. ಆದರೆ ಮೂವರಲ್ಲಿ ಒಬ್ಬರೂ ಹಾಗೆ ಮಾಡುತ್ತಿರಲಿಲ್ಲ. ಚೆಂಡು ಯಂತ್ರದಿಂದ ಹೊರಬಿದ್ದ ಕ್ಷಣವನ್ನು ನೋಡುತ್ತಿದ್ದರು. ಆಮೇಲೆ ಚೆಂಡನ್ನು ಬಿಟ್ಟು, ಅದು ಎಲ್ಲಿ ಪುಟಿಯಲಿದೆಯೋ ಆ ಜಾಗಕ್ಕೆ ಕಣ್ಣು ಜಿಗಿಯುತ್ತಿತ್ತು. ಚೆಂಡಿಗಿಂತ ಮೊದಲು ನೋಟ ಅಲ್ಲಿ ಹೋಗಿ ಕಾಯುತ್ತಿತ್ತು. ನುರಿತ ಆಟಗಾರನ ಕಣ್ಣು ಬೇಗ ಜಿಗಿಯುತ್ತಿತ್ತು, ಅಷ್ಟು ಪಳಗದವನದು ತಡವಾಗಿ. 'ಟೈಮ್ ಜಾಸ್ತಿ' ಎಂದರೆ ಇದು. ಆ ಸಮಯ ಅವನ ನರಗಳಲ್ಲಿ ಹುಟ್ಟಿದ್ದಲ್ಲ, ಚೆಂಡು ಹೊರಟ ಬಗೆಯಿಂದಲೇ ಅದು ಬೀಳುವ ಜಾಗವನ್ನು ಓದುವ ಅಭ್ಯಾಸದಲ್ಲಿ ಸಂಪಾದಿಸಿದ್ದು.

ಬೌಲಿಂಗ್ ಎನ್ನುವುದು ಈ ಊಹೆಯನ್ನು ಕೆಡಿಸುವ ಕಲೆ ಎಂದು ನಾನು ತಿಳಿದಿದ್ದೇನೆ. ಬಿ. ಎಸ್. ಚಂದ್ರಶೇಖರ್ 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ತೆಗೆದು ಇಂಗ್ಲೆಂಡ್ ನೆಲದಲ್ಲಿ ಭಾರತಕ್ಕೆ ಮೊದಲ ಸರಣಿ ಗೆಲ್ಲಿಸಿದರು. ಬಾಲ್ಯದ ಪೋಲಿಯೋದಿಂದ ಸೊರಗಿದ ಬಲಗೈಯಲ್ಲಿ ಅವರು ಹಾಕುತ್ತಿದ್ದ ಗೂಗ್ಲಿ, ಸ್ಪಿನ್ ಬೌಲರುಗಳ ಲೆಕ್ಕದಲ್ಲಿ ವಿಪರೀತ ವೇಗದ್ದು. ನಿಧಾನದ ಸ್ಪಿನ್ನರನ ಚೆಂಡು ಪುಟಿದು ತಿರುಗಿದ ಮೇಲೂ ಬ್ಯಾಟ್ಸ್‌ಮನ್‌ಗೆ ಆ 200 ಮಿಲಿಸೆಕೆಂಡು ಸಿಗಬಹುದು. ಚಂದ್ರ ಅವರ ವೇಗದಲ್ಲಿ ಅದು ಸಿಗುವ ಸಾಧ್ಯತೆ ಕಡಿಮೆ. ಕೈಯಿಂದ ಓದಲು ಆಗದ, ಪಿಚ್ಚಿನಿಂದ ಓದಲು ಹೊತ್ತಿಲ್ಲದ ಚೆಂಡನ್ನು ಆಡುವುದು ಹೇಗೆ?

ಎತ್ತರಕ್ಕೆ ಹೋದ ಕ್ಯಾಚ್ ಹಿಡಿಯುವ ಫೀಲ್ಡರ್ ಇನ್ನೂ ಸರಳವಾದ ಉಪಾಯ ಬಳಸುತ್ತಾನೆ. ಚೆಂಡಿನ ಪಥದ ಗಣಿತವನ್ನು ಅವನು ಮಾಡುವುದಿಲ್ಲ. ಎಲ್ಲಿ ಬೀಳುತ್ತದೆ ಎಂದು ಓಡುವ ಮೊದಲೇ ಕೇಳಿದರೆ ಅವನಿಗೆ ಸರಿಯಾಗಿ ಹೇಳಲೂ ಬರುವುದಿಲ್ಲ. ಮೆಕ್ಲೌಡ್ ಮತ್ತು ಝೋಲ್ಟನ್ ಡಿಯೆನೆಸ್ 1993ರಲ್ಲಿ ತೋರಿಸಿದಂತೆ, ಚೆಂಡನ್ನು ನೋಡುತ್ತಾ ಏರುವ ತನ್ನ ನೋಟದ ಕೋನ ಒಂದೇ ಹದದಲ್ಲಿ ಏರುತ್ತಿರುವಂತೆ ಅವನು ತನ್ನ ಓಟದ ವೇಗವನ್ನು ಹೊಂದಿಸಿಕೊಳ್ಳುತ್ತಾನೆ. ಕೋನದ ಏರಿಕೆ ಬಿರುಸಾದರೆ ಹಿಂದಕ್ಕೆ, ಮಂದವಾದರೆ ಮುಂದಕ್ಕೆ. ಹಾಗೆ ಮಾಡುತ್ತಾ ಹೋದರೆ ಚೆಂಡು ಬೀಳುವ ಜಾಗದಲ್ಲಿ ಅವನೇ ಇರುತ್ತಾನೆ. ನೋಡುವುದಕ್ಕೂ ಓಡುವುದಕ್ಕೂ ನಡುವೆ ಇಲ್ಲಿ ಗೆರೆ ಎಳೆಯಲಾಗುವುದಿಲ್ಲ.

ಈಗ ಊಹೆಯ ಇನ್ನೊಂದು ಮುಖಕ್ಕೆ ಬರೋಣ. ಹೊರಗಿನ ಚೆಂಡನ್ನು ಊಹಿಸುವುದು ಸರಿ. ನಮ್ಮದೇ ಚಲನೆಯಿಂದ ಏನಾಗುತ್ತದೆ ಎಂದು ಮೆದುಳು ಊಹಿಸಬೇಕಾದ ಅಗತ್ಯವೇನು?

ಒಂದು ಪುಸ್ತಕವನ್ನು ಕೈಯಲ್ಲಿ ಹಿಡಿದು ಎಡಬಲಕ್ಕೆ ಬೇಗ ಬೇಗ ಅಲುಗಾಡಿಸಿ. ಅಕ್ಷರಗಳು ಕಲಸಿಹೋಗುತ್ತವೆ. ಈಗ ಪುಸ್ತಕವನ್ನು ಅಲುಗಾಡದಂತೆ ಹಿಡಿದು ಅದೇ ವೇಗದಲ್ಲಿ ತಲೆ ಅಲುಗಾಡಿಸಿ. ಓದಬಹುದು! ತಲೆ ತಿರುಗಿದ್ದನ್ನು ಒಳಗಿವಿಯ ನಾಳಗಳು ಹಿಡಿದು ನೇರವಾಗಿ ಕಣ್ಣಿನ ಸ್ನಾಯುಗಳಿಗೆ ತಿಳಿಸುತ್ತವೆ. ಸೆಕೆಂಡಿನ ಸುಮಾರು ನೂರನೆಯ ಒಂದು ಭಾಗದಲ್ಲಿ ಕಣ್ಣು ಎದುರು ದಿಕ್ಕಿಗೆ ಅಷ್ಟೇ ತಿರುಗಿಬಿಡುತ್ತದೆ. ಇದು ದೇಹದ ಅತಿ ಚುರುಕಿನ ಪ್ರತಿಕ್ರಿಯೆಗಳಲ್ಲಿ ಒಂದು. ಪುಸ್ತಕ ಅಲುಗಾಡಿದಾಗ ಕಣ್ಣು ತಾನೇ ನೋಡಿ, ಅರ್ಥಮಾಡಿಕೊಂಡು, ಹಿಂಬಾಲಿಸಬೇಕು. ಆ ದಾರಿ ಹತ್ತು ಪಟ್ಟು ನಿಧಾನ.

ಹೆಲ್ಮ್‌ಹೋಲ್ಟ್ಸ್ ಗಮನಿಸಿದ ಇನ್ನೊಂದು ಸಂಗತಿ ಇದಕ್ಕಿಂತ ಆಳದ್ದು. ಒಂದು ಕಣ್ಣು ಮುಚ್ಚಿ, ತೆರೆದ ಕಣ್ಣಿನ ಹೊರ ಅಂಚನ್ನು ರೆಪ್ಪೆಯ ಮೇಲಿಂದ ಬೆರಳಲ್ಲಿ ಬಹಳ ಮೆಲ್ಲಗೆ ಒತ್ತಿ. ಎದುರಿನ ಗೋಡೆ ಜರುಗಿದಂತೆ ಕಾಣುತ್ತದೆ. ಕಣ್ಣುಗುಡ್ಡೆ ಕೂದಲೆಳೆಯಷ್ಟು ಸರಿದಿದೆ, ಅಷ್ಟೆ. ಆದರೆ ನಾವು ಓದುವಾಗ, ಮಾತಾಡುವಾಗ, ಸುಮ್ಮನೆ ಕುಳಿತಾಗಲೂ ಅದೇ ಕಣ್ಣುಗುಡ್ಡೆ ಸೆಕೆಂಡಿಗೆ ಮೂರು ಬಾರಿಯಂತೆ ಇದಕ್ಕಿಂತ ದೊಡ್ಡ ಜಿಗಿತಗಳನ್ನು ಮಾಡುತ್ತಿರುತ್ತದೆ, ಗೋಡೆ ಮಾತ್ರ ಅಲುಗುವುದಿಲ್ಲ. ಅಕ್ಷಿಪಟದ ಮೇಲೆ ಚಿತ್ರ ಸರಿಯುವುದು ಎರಡು ಸಲವೂ ಒಂದೇ. ಬೆರಳಿನಿಂದ ಸರಿಸಿದ್ದು ಮೆದುಳಿನ ಅಪ್ಪಣೆಯಿಂದ ಆದದ್ದಲ್ಲ. ಅಲ್ಲಿರುವ ವ್ಯತ್ಯಾಸ ಅದೊಂದೇ.

ಈ ವ್ಯತ್ಯಾಸಕ್ಕೆ ತಕ್ಕ ವಿವರಣೆ ಬರಲು ಇನ್ನೂ ಹಲವು ದಶಕಗಳು ಬೇಕಾದವು. ಎರಿಕ್ ಫಾನ್ ಹೋಲ್ಸ್ಟ್ ಮತ್ತು ಹೋರ್ಸ್ಟ್ ಮಿಟೆಲ್‌ಶ್ಟೆಟ್ ಎಂಬ ಜರ್ಮನ್ ವಿಜ್ಞಾನಿಗಳು ಎರಿಸ್ಟಾಲಿಸ್ ಎಂಬ ನೊಣವನ್ನು ಪಟ್ಟೆಪಟ್ಟೆಯ ಸಿಲಿಂಡರಿನೊಳಗೆ ಇಟ್ಟರು. ಸಿಲಿಂಡರ್ ತಿರುಗಿಸಿದರೆ ನೊಣವೂ ಅದರ ಜೊತೆ ತಿರುಗುತ್ತದೆ. ಆದರೆ ಸಿಲಿಂಡರ್ ಸುಮ್ಮನಿದ್ದು ನೊಣ ತಾನೇ ಹೊರಳಿದಾಗಲೂ ಅದರ ಕಣ್ಣಿನಲ್ಲಿ ಪಟ್ಟೆಗಳು ಸರಿಯುತ್ತವಲ್ಲ, ಆಗ ಅದು ಗೊಂದಲಕ್ಕೆ ಬೀಳುವುದಿಲ್ಲ. ಆಮೇಲೆ ಅವರು ನೊಣದ ತಲೆಯನ್ನು ಕತ್ತಿನ ಮೇಲೆ ಬುಡಮೇಲಾಗಿ ತಿರುಚಿ ಅಂಟಿಸಿಬಿಟ್ಟರು. ಈಗ ಎಡ ಬಲವಾಗಿತ್ತು. ನೊಣ ಒಮ್ಮೆ ಹೊರಳಲು ಶುರುಮಾಡಿದರೆ ನಿಲ್ಲಿಸಲಾಗದೆ ಸುತ್ತುತ್ತಲೇ ಇರುತ್ತಿತ್ತು. 1950ರಲ್ಲಿ ಪ್ರಕಟವಾದ ಅವರ ತೀರ್ಮಾನ ಹೀಗೆ: ಚಲನೆಯ ಅಪ್ಪಣೆ ಸ್ನಾಯುವಿಗೆ ಹೋಗುವಾಗ ಅದರದೊಂದು ನಕಲು ನರಮಂಡಲದ ಒಳಗೇ ಉಳಿಯುತ್ತದೆ. ಈ ಅಪ್ಪಣೆಯಿಂದ ಕಣ್ಣಿಗೆ, ಚರ್ಮಕ್ಕೆ ಏನು ಸುದ್ದಿ ಬರಬೇಕು ಎನ್ನುವುದು ಆ ನಕಲಿನಿಂದ ಗೊತ್ತಾಗುತ್ತದೆ. ಬಂದ ಸುದ್ದಿಯಿಂದ ಅದನ್ನು ಕಳೆದರೆ ಉಳಿದದ್ದು ಹೊರಜಗತ್ತಿನದು. ತಲೆ ತಿರುಚಿದ ನೊಣದಲ್ಲಿ ಕಳೆಯಬೇಕಾದದ್ದು ಕೂಡಿಕೊಳ್ಳುತ್ತಿತ್ತು. ಅದೇ ವರ್ಷ ಅಮೆರಿಕದಲ್ಲಿ ರೋಜರ್ ಸ್ಪೆರಿ, ಕಣ್ಣನ್ನು ತಿರುಗಿಸಿ ಕೂರಿಸಿದ ಮೀನುಗಳು ಸುತ್ತುವುದನ್ನು ಕಂಡು ಇದೇ ಮಾತಿಗೆ ಬಂದಿದ್ದರು.

ನಿಮ್ಮ ಅಂಗೈಯಲ್ಲೇ ಈ ನಕಲನ್ನು ಹಿಡಿಯಬಹುದು. ಮೊಣಕೈ ಮಡಿಸಿ, ಅಂಗೈಯನ್ನು ಮೇಲೆ ಮಾಡಿ, ಅದರ ಮೇಲೆ ಒಂದು ದಪ್ಪ ನಿಘಂಟು ಇಟ್ಟುಕೊಳ್ಳಿ. ಬೇರೆ ಯಾರಾದರೂ ತಟ್ಟನೆ ಅದನ್ನು ಎತ್ತಿಕೊಂಡರೆ ನಿಮ್ಮ ಕೈ ಮೇಲಕ್ಕೆ ಚಿಮ್ಮುತ್ತದೆ. ಎತ್ತುತ್ತಾರೆ ಎಂದು ಗೊತ್ತಿದ್ದರೂ, ಕಣ್ಣಾರೆ ನೋಡುತ್ತಿದ್ದರೂ ಚಿಮ್ಮುತ್ತದೆ. ನಿಮ್ಮದೇ ಇನ್ನೊಂದು ಕೈಯಿಂದ ಎತ್ತಿ. ಹೊತ್ತ ಕೈ ಇದ್ದಲ್ಲೇ ಇರುತ್ತದೆ. ಎತ್ತುವ ಕೈಗೆ ಅಪ್ಪಣೆ ಹೋದಾಗಲೇ, ಭಾರ ಇಳಿಯುವ ಮೊದಲೇ, ಹೊತ್ತ ಕೈಯ ಸ್ನಾಯು ಅಳತೆಗೆ ಸರಿಯಾಗಿ ಸಡಿಲವಾಗಿತ್ತು. ಬುದ್ಧಿಗೆ ಇರುವ ತಿಳಿವು ಈ ಕೆಲಸಕ್ಕೆ ಸಾಲದು, ಅಪ್ಪಣೆಯ ನಕಲೇ ಬೇಕು.

ಮೆಟ್ರೋ ನಿಲ್ದಾಣದಲ್ಲಿ ಕೆಟ್ಟು ನಿಂತ ಎಸ್ಕಲೇಟರ್ ಹತ್ತುವಾಗ ಮುಗ್ಗರಿಸುವುದು ಕೂಡ ಇದೇ ಗುಂಪಿಗೆ ಸೇರಿದ್ದು. ನಿಂತಿದೆ ಎಂದು ಕಣ್ಣಿಗೆ ಕಾಣುತ್ತದೆ, ಮನಸ್ಸಿಗೆ ಗೊತ್ತಿದೆ, ಆದರೂ ಕಾಲಿಟ್ಟಾಗ ಮೈ ಮುಂದಕ್ಕೆ ವಾಲುತ್ತದೆ. ರೇಮಂಡ್ ರೆನಾಲ್ಡ್ಸ್ ಮತ್ತು ಅಡಾಲ್ಫೋ ಬ್ರಾನ್‌ಸ್ಟೈನ್ ಲಂಡನ್ನಿನ ಪ್ರಯೋಗಾಲಯದಲ್ಲಿ ಚಲಿಸುವ ಹಲಗೆಯೊಂದನ್ನು ಮಾಡಿ, ಜನರನ್ನು ಅದರ ಮೇಲೆ ಹಲವು ಸಲ ನಡೆಸಿ, ಆಮೇಲೆ 'ಇನ್ನು ಇದು ಚಲಿಸುವುದಿಲ್ಲ' ಎಂದು ಹೇಳಿ ಮತ್ತೆ ನಡೆಸಿದರು. ಹೇಳಿದ್ದನ್ನು ಅವರೆಲ್ಲ ನಂಬಿದ್ದರು. ಮೊದಲ ಹೆಜ್ಜೆಯಲ್ಲಿ ಮೈ ನಂಬಲಿಲ್ಲ. 2003ರಲ್ಲಿ ಪ್ರಕಟವಾದ ಈ ಅಧ್ಯಯನದಿಂದ ತಿಳಿಯುವುದು, ಕಾಲು ಕಲಿಯುವ ಪಾಠವೂ ತಲೆ ಕಲಿಯುವ ಪಾಠವೂ ಬೇರೆ ಬೇರೆ ಕಡೆ ಶೇಖರವಾಗುತ್ತವೆ ಎಂಬುದು.

ಕಾಲಿನ ಪಾಠಕ್ಕೆ ಮುಖ್ಯ ಸ್ಥಾನ ಕಿರುಮೆದುಳು, ತಲೆಯ ಹಿಂಭಾಗದ ಕೆಳಗಡೆ ಇರುವ ಮಡಿಕೆಮಡಿಕೆಯ ಭಾಗ. ತೂಕದಲ್ಲಿ ಮೆದುಳಿನ ಹತ್ತನೆಯ ಒಂದು ಪಾಲು. ಆದರೆ ಮೆದುಳಿನ ಒಟ್ಟು 8600 ಕೋಟಿ ನರಕೋಶಗಳಲ್ಲಿ ಸುಮಾರು 6900 ಕೋಟಿ ಅಲ್ಲೇ ಇವೆ. ಮೊದಲ ಮಹಾಯುದ್ಧದಲ್ಲಿ ಕಿರುಮೆದುಳಿಗೆ ಗುಂಡು ತಗುಲಿದ ಸೈನಿಕರನ್ನು ಬ್ರಿಟಿಷ್ ನರವೈದ್ಯ ಗಾರ್ಡನ್ ಹೋಮ್ಸ್ ಬಹಳ ಸೂಕ್ಷ್ಮವಾಗಿ ಪರೀಕ್ಷಿಸಿದ್ದರು. ಅವರ ರೋಗಿಯೊಬ್ಬ ತನ್ನ ಎಡಗೈ ತಾನಾಗಿ ಕೆಲಸ ಮಾಡುತ್ತದೆ, ಬಲಗೈಯ ಒಂದೊಂದು ಚಲನೆಯನ್ನೂ ಮಾತ್ರ ಯೋಚಿಸಿ ಮಾಡಬೇಕಾಗಿದೆ ಎಂದಿದ್ದ. ಅವನಿಗೆ ಲಕ್ವ ಹೊಡೆದಿರಲಿಲ್ಲ. ಕೈಯಲ್ಲಿ ಬಲವಿತ್ತು. ಹೋದದ್ದು ಊಹೆ.

ಕಚಗುಳಿಯ ಪ್ರಶ್ನೆಯನ್ನು ಈ ಹಿನ್ನೆಲೆಯಲ್ಲಿ ಎತ್ತಿಕೊಂಡವರು ಲಂಡನ್ನಿನ ಸೇರಾ-ಜೇನ್ ಬ್ಲೇಕ್‌ಮೋರ್, ಡೇನಿಯಲ್ ವೋಲ್ಪರ್ಟ್ ಮತ್ತು ಕ್ರಿಸ್ ಫ್ರಿತ್. ನಮಗೆ ನಾವೇ ಕಚಗುಳಿ ಇಟ್ಟುಕೊಳ್ಳಲು ಆಗುವುದಿಲ್ಲ ಎಂದು ಮಕ್ಕಳಿಗೂ ಗೊತ್ತು. 1998ರಲ್ಲಿ ಅವರು ಮೆದುಳಿನ ಸ್ಕ್ಯಾನ್ ಮಾಡಿ, ಅಂಗೈಯನ್ನು ಬೇರೆಯವರು ಸವರಿದಾಗ ಸ್ಪರ್ಶದ ಪ್ರದೇಶಗಳು ಹೆಚ್ಚು ಚಟುವಟಿಕೆ ತೋರುತ್ತವೆ, ತಾವೇ ಸವರಿಕೊಂಡಾಗ ಕಡಿಮೆ, ಈ ತಗ್ಗಿಸುವಿಕೆಯಲ್ಲಿ ಕಿರುಮೆದುಳು ಭಾಗಿಯಾಗಿದೆ ಎಂದು ತೋರಿಸಿದರು. ಮರುವರ್ಷದ ಪ್ರಯೋಗ ಇನ್ನೂ ಸೊಗಸಿನದು. ಎಡಗೈಯಿಂದ ಒಂದು ರೋಬಾಟ್ ಹಿಡಿಕೆಯನ್ನು ಆಡಿಸಿದರೆ ಇನ್ನೊಂದು ರೋಬಾಟ್ ಅದೇ ಚಲನೆಯಲ್ಲಿ ಬಲ ಅಂಗೈಯನ್ನು ಮೆತ್ತನೆಯ ಫೋಮಿನಿಂದ ಸವರುತ್ತದೆ. ತಕ್ಷಣ ಸವರಿದರೆ ಕಚಗುಳಿ ಇಲ್ಲ. ನಡುವೆ 100, 200, 300 ಮಿಲಿಸೆಕೆಂಡು ವಿಳಂಬ ಇಡುತ್ತಾ ಹೋದಂತೆ ಕಚಗುಳಿ ಹೆಚ್ಚುತ್ತಾ ಹೋಯಿತು. ಸವರಿಕೊಳ್ಳುತ್ತಿರುವುದು ತಾನೇ ಎಂಬುದು ಅವರಿಗೆ ಗೊತ್ತಿದೆ. ಊಹೆಗೂ ಸುದ್ದಿಗೂ ಹೊತ್ತು ತಪ್ಪಿತು, ಅಷ್ಟಕ್ಕೇ ಸ್ವಂತ ಕೈ ಬೇರೆಯವರ ಕೈಯಾಗತೊಡಗಿತು.

ಸ್ವಂತ ಸ್ಪರ್ಶವನ್ನು ಮೆದುಳು ಹೀಗೆ ತಗ್ಗಿಸುವುದರಿಂದ ಬರುವ ಪರಿಣಾಮಗಳು ಪ್ರಯೋಗಾಲಯದಲ್ಲೇ ಉಳಿಯುವಂಥವಲ್ಲ. ಸುಖಿ ಶೆರ್ಗಿಲ್ ಮತ್ತು ಸಂಗಡಿಗರು 2003ರಲ್ಲಿ ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ, ಒಬ್ಬರ ಬೆರಳನ್ನು ಇನ್ನೊಬ್ಬರು ಸರದಿಯಂತೆ ಒತ್ತುವ ಏರ್ಪಾಡು ಮಾಡಿದರು. ಇಬ್ಬರಿಗೂ ಕೊಟ್ಟ ಸೂಚನೆ ಒಂದೇ: ನಿನಗೆ ಎಷ್ಟು ಬಲ ಬಿತ್ತೋ ಅಷ್ಟೇ ಬಲದಿಂದ ತಿರುಗಿ ಒತ್ತು. ಎದುರಿನವನಿಗೆ ಏನು ಹೇಳಿದ್ದಾರೆ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಪ್ರತಿ ಸರದಿಯಲ್ಲೂ ಬಲ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಏರುತ್ತಾ ಹೋಯಿತು. ಇಬ್ಬರೂ ಪ್ರಾಮಾಣಿಕರು. ತಾನು ಒತ್ತಿದ್ದು ತನಗೆ ಮೆಲ್ಲಗೆ ಅನ್ನಿಸುತ್ತದೆ, ತನ್ನ ಮೇಲೆ ಬಿದ್ದದ್ದು ಇದ್ದಷ್ಟೇ ಅನ್ನಿಸುತ್ತದೆ. ಜಗಳವಾಡಿದ ಇಬ್ಬರು ಮಕ್ಕಳು ಅಳುತ್ತಾ ಬಂದು, ನಾನು ಅವನು ಹೊಡೆದಷ್ಟೇ ಹೊಡೆದದ್ದು, ಅವನು ಮಾತ್ರ ಜೋರಾಗಿ ಹೊಡೆದ ಎಂದಾಗ ಇಬ್ಬರೂ ತಮಗೆ ಅನ್ನಿಸಿದ ನಿಜವನ್ನೇ ಹೇಳುತ್ತಿರಬಹುದು. ಒಬ್ಬನನ್ನು ಸುಳ್ಳುಗಾರನೆಂದು ಬೈಯುವ ಮೊದಲು ದೊಡ್ಡವರು ಇದನ್ನು ತಿಳಿದಿರಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ಸ್ಕಿಜೋಫ್ರೇನಿಯಾದ ಕೆಲವು ರೋಗಿಗಳು ತಮ್ಮ ಕೈಯನ್ನು ಬೇರೆ ಯಾರೋ ಆಡಿಸುತ್ತಿದ್ದಾರೆ, ತಮ್ಮ ಯೋಚನೆ ಹೊರಗಿನ ದನಿಯಾಗಿ ಕೇಳುತ್ತಿದೆ ಎನ್ನುತ್ತಾರೆ. ಬ್ಲೇಕ್‌ಮೋರ್ ತಂಡ 2000ದಲ್ಲಿ ಪರೀಕ್ಷಿಸಿದಾಗ, ಇಂಥ ಅನುಭವಗಳಿದ್ದ ರೋಗಿಗಳಿಗೆ ತಮ್ಮದೇ ಸ್ಪರ್ಶ ಮತ್ತು ಬೇರೆಯವರ ಸ್ಪರ್ಶ ಎರಡೂ ಒಂದೇ ಮಟ್ಟದ ಕಚಗುಳಿ ಕೊಡುತ್ತಿದ್ದವು. ಐದು ವರ್ಷಗಳ ಬಳಿಕ ಶೆರ್ಗಿಲ್ ಬಲ ಒತ್ತುವ ಪರೀಕ್ಷೆಯನ್ನು ಸ್ಕಿಜೋಫ್ರೇನಿಯಾ ಇದ್ದವರಿಗೆ ಕೊಟ್ಟರು. ಬೀಳುವ ಬಲಕ್ಕೆ ಸಮನಾದ ಬಲವನ್ನು ತಿರುಗಿ ಒತ್ತುವುದರಲ್ಲಿ ಅವರು ಆರೋಗ್ಯವಂತರಿಗಿಂತ ಹೆಚ್ಚು ನಿಖರವಾಗಿದ್ದರು. ನಮಗೆ ಆಗುವ ತಪ್ಪು ಅವರಿಗೆ ಅಷ್ಟಾಗಿ ಆಗುತ್ತಿರಲಿಲ್ಲ, ಏಕೆಂದರೆ ತಮ್ಮ ಚಲನೆಯ ಸುದ್ದಿಯನ್ನು ತಗ್ಗಿಸುವ ವ್ಯವಸ್ಥೆ ಅವರಲ್ಲಿ ದುರ್ಬಲವಾಗಿತ್ತು. ಇಡೀ ರೋಗವನ್ನು ಇದೊಂದರಿಂದ ವಿವರಿಸಲಾಗದು. ಆದರೆ 'ನನ್ನ ಕೈಯನ್ನು ಬೇರೆಯವರು ಆಡಿಸುತ್ತಿದ್ದಾರೆ' ಎನ್ನುವವನು ಕಥೆ ಕಟ್ಟುತ್ತಿಲ್ಲ, ತನ್ನ ಮೈಯಿಂದ ಬಂದ ಸುದ್ದಿಯನ್ನು ಬಂದ ಹಾಗೆ ಹೇಳುತ್ತಿರಬಹುದು ಎಂದು ಕುಟುಂಬದವರಿಗೆ ತಿಳಿದರೆ ಅವನ ಜೊತೆ ಆಡುವ ಮಾತು ಬೇರೆಯಾಗುತ್ತದೆ.

ಇದುವರೆಗೆ ಸುದ್ದಿ ತಡವಾಗುವುದನ್ನು ನೋಡಿದೆವು. ಅದು ಬರುವುದೇ ನಿಂತರೆ?

1971ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯ ಜರ್ಸಿ ದ್ವೀಪದಲ್ಲಿ ಕಸಾಯಿ ಅಂಗಡಿಯ ಕೆಲಸದಲ್ಲಿದ್ದ 19 ವರ್ಷದ ಇಯಾನ್ ವಾಟರ್‌ಮನ್‌ಗೆ ಜ್ವರ ಬಂತು. ವೈರಸ್ಸಿನ ವಿರುದ್ಧ ಎದ್ದ ರೋಗನಿರೋಧಕ ಶಕ್ತಿ ಅವರದೇ ನರಗಳ ಮೇಲೆ ಬಿತ್ತು. ಕತ್ತಿನಿಂದ ಕೆಳಗೆ ಸ್ಪರ್ಶವನ್ನೂ, ಕೈಕಾಲು ಎಲ್ಲಿವೆ ಎಂಬ ಅರಿವನ್ನೂ ತರುವ ದಪ್ಪ ಎಳೆಗಳು ನಾಶವಾದವು. ನೋವು, ಬಿಸಿ, ತಂಪು ತಿಳಿಯುತ್ತಿದ್ದವು. ಸ್ನಾಯುಗಳಿಗೆ ಅಪ್ಪಣೆ ಒಯ್ಯುವ ನರಗಳು ಪೂರ್ತಿ ಸರಿಯಾಗಿದ್ದವು. ಚಾರ್ಲ್ಸ್ ಶೆರಿಂಗ್ಟನ್ 1906ರಲ್ಲಿ ಹೆಸರಿಟ್ಟ ಆ ಅರಿವನ್ನು ವಿಜ್ಞಾನಿಗಳು ಪ್ರೊಪ್ರಿಯೋಸೆಪ್ಷನ್ ಎನ್ನುತ್ತಾರೆ. ನಾನು ಮೈಯರಿವು ಎನ್ನುತ್ತೇನೆ. ಪಂಚೇಂದ್ರಿಯಗಳ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಅದಿಲ್ಲದೆ ಹಾಸಿಗೆಯಿಂದ ಏಳಲೂ ಆಗುವುದಿಲ್ಲ.

ಸ್ನಾಯುಗಳ ಒಳಗೆ ಹುದುಗಿರುವ ಸಣ್ಣ ಕದಿರಿನಾಕಾರದ ಗ್ರಾಹಕಗಳು ಮೈಯರಿವಿನ ಮುಖ್ಯ ಮೂಲ. ಸ್ನಾಯು ಎಷ್ಟು ಹಿಗ್ಗಿದೆ, ಎಷ್ಟು ಬೇಗ ಹಿಗ್ಗುತ್ತಿದೆ ಎಂದು ಅವು ಬಿಡದೆ ವರದಿ ಮಾಡುತ್ತವೆ. ಅವುಗಳನ್ನು ಮೋಸಗೊಳಿಸಬಹುದು: ಕಣ್ಣು ಮುಚ್ಚಿದವನ ತೋಳಿನ ಮುಂಭಾಗದ ಸ್ನಾಯುರಜ್ಜುವಿಗೆ ಸೆಕೆಂಡಿಗೆ ನೂರು ಸಲದಂತೆ ಕಂಪನ ಕೊಟ್ಟರೆ, ಅಲುಗದೆ ಇರುವ ಕೈ ನೀಳುತ್ತಿದೆ ಎಂದು ಅವನಿಗೆ ಅನ್ನಿಸುತ್ತದೆ. 1988ರಲ್ಲಿ ಜೇಮ್ಸ್ ಲ್ಯಾಕ್ನರ್ ಅದೇ ಕೈಯ ಬೆರಳುಗಳಿಂದ ಮೂಗಿನ ತುದಿ ಹಿಡಿದುಕೊಳ್ಳಲು ಹೇಳಿ ಈ ಕಂಪನ ಕೊಟ್ಟರು. ಕೈ ದೂರ ಹೋಗುತ್ತಿದೆ, ಬೆರಳು ಮೂಗನ್ನು ಬಿಟ್ಟಿಲ್ಲ. ಎರಡೂ ಸುದ್ದಿಗಳನ್ನು ಹೊಂದಿಸಲು ಮೆದುಳಿಗೆ ಉಳಿದ ದಾರಿ ಒಂದೇ. ತಮ್ಮ ಮೂಗು ಉದ್ದವಾಗುತ್ತಿದೆ ಎಂದು ಹಲವರಿಗೆ ಅನ್ನಿಸಿತು.

ಮೊದಮೊದಲು ವಾಟರ್‌ಮನ್ ಕೈಕಾಲು ಆಡಿಸಲು ಮನಸ್ಸು ಮಾಡಿದರೆ ಅವು ಎತ್ತಲೋ ಹೋಗುತ್ತಿದ್ದವು. ಎಲ್ಲಿ ಹೋದವು ಎಂದು ಗೊತ್ತಾಗುತ್ತಿರಲಿಲ್ಲ. ಈ ನಷ್ಟಕ್ಕೆ ಔಷಧಿ ಇರಲಿಲ್ಲ, ಇಂದಿಗೂ ಇಲ್ಲ. ಅವರು ಕಂಡುಕೊಂಡ ದಾರಿ ಕಣ್ಣು. ಯಾವ ಸ್ನಾಯುವನ್ನು ಬಿಗಿಯಬೇಕೆಂದು ಯೋಚಿಸಿ, ಆ ಅಂಗವನ್ನು ನೋಡುತ್ತಾ, ಹೋದದ್ದು ಸರಿಯೇ ಎಂದು ತಿದ್ದುತ್ತಾ ಎದ್ದು ಕೂರುವುದನ್ನು ಕಲಿತರು. ಮೊದಲ ಬಾರಿ ಕೂತಾಗ ಸಂತೋಷದಲ್ಲಿ ಯೋಚನೆ ತಪ್ಪಿತು, ತಕ್ಷಣ ಬಿದ್ದರು. ನಿಲ್ಲಲು, ಆಮೇಲೆ ನಡೆಯಲು ಕಲಿಯುವ ಹೊತ್ತಿಗೆ ಒಂದು ವರ್ಷದ ಮೇಲಾಗಿತ್ತು. ಬೇರೆಯವರು ಇದು ಅಸಾಧ್ಯ ಎಂದು ಬಿಟ್ಟುಬಿಟ್ಟ ಕೆಲಸವನ್ನು ಅವರು ಬರೀ ಹಟ ಮತ್ತು ಗಮನದಿಂದ ಮಾಡಿದರು. ಕೆಲಸಕ್ಕೆ ಸೇರಿದರು, ಕಾರು ಓಡಿಸಿದರು. ಆದರೆ ದೀಪ ಆರಿದರೆ ನೆಲಕ್ಕೆ ಕುಸಿಯುತ್ತಿದ್ದರು. ನೆಗಡಿಯಾಗಿ ತಲೆ ಭಾರವಾದರೂ ನಡಿಗೆ ಕಷ್ಟವಾಗುತ್ತಿತ್ತು, ಏಕೆಂದರೆ ಅವರ ಒಂದೊಂದು ಹೆಜ್ಜೆಯೂ ಯೋಚನೆಯಿಂದ ಆಗಬೇಕು. ಅವರ ಬದುಕನ್ನು ಬರೆದ ನರವೈದ್ಯ ಜೊನಾಥನ್ ಕೋಲ್ 1991ರ ತಮ್ಮ ಪುಸ್ತಕದ ಹೆಸರಿನಲ್ಲೇ ಇದನ್ನು ದಿನನಿತ್ಯದ ಮ್ಯಾರಥಾನ್ ಎಂದು ಕರೆದಿದ್ದಾರೆ. ಮಾತಿಗಾಗಿ ಹೇಳಿದ ಹೊಗಳಿಕೆ ಅದಲ್ಲ.

ಎತ್ತಿದ ವಸ್ತುವಿನ ಭಾರ ತಿಳಿಯುವ ಅವರ ಬಗೆ ನನಗೆ ಬಹಳ ಮೆಚ್ಚಿಗೆಯಾದದ್ದು. ಕಣ್ಣು ಮುಚ್ಚಿದರೆ ಭಾರದ ದೊಡ್ಡ ವ್ಯತ್ಯಾಸವೂ ಅವರಿಗೆ ಹೊಳೆಯುತ್ತಿರಲಿಲ್ಲ. ಕಣ್ಣು ತೆರೆದರೆ ಸಣ್ಣ ವ್ಯತ್ಯಾಸವನ್ನೂ ಹೇಳುತ್ತಿದ್ದರು: ಒಂದೇ ಪ್ರಯತ್ನಕ್ಕೆ ಕೈ ಎಷ್ಟು ಬೇಗ, ಎಷ್ಟು ಮೇಲೆ ಹೋಯಿತು ಎಂದು ನೋಡಿ. ತಾನು ಕೊಟ್ಟ ಅಪ್ಪಣೆ ಇಷ್ಟು, ಕಂಡ ಫಲ ಇಷ್ಟು, ಆದ್ದರಿಂದ ಭಾರ ಇಷ್ಟು. ಫಾನ್ ಹೋಲ್ಸ್ಟ್ ನೊಣದ ನರಮಂಡಲದಲ್ಲಿ ಇದೆ ಎಂದ ಲೆಕ್ಕವನ್ನು ಈ ಮನುಷ್ಯ ಎಚ್ಚರದಲ್ಲಿ ಕೂತು ಮಾಡುತ್ತಿದ್ದರು.

ಷಿಕಾಗೋದ ಡೇವಿಡ್ ಮೆಕ್‌ನೀಲ್ ಮಾತಾಡುವಾಗ ಜನ ಮಾಡುವ ಹಸ್ತಾಭಿನಯವನ್ನು ಜೀವನವಿಡೀ ಅಭ್ಯಸಿಸಿದವರು. ಅವರೂ ಕೋಲ್ ಅವರೂ ಸೇರಿ ವಾಟರ್‌ಮನ್ ಅವರ ಕೈಗಳು ಅವರಿಗೆ ಕಾಣದಂತೆ ಮುಂದೆ ಮರೆ ಕಟ್ಟಿದರು. ಆ ಮರೆಯ ಹಿಂದೆ ಒಂದು ಡಬ್ಬಿಯ ಮುಚ್ಚಳ ತಿರುಗಿಸುವಂಥ ಕೆಲಸ ಅವರಿಂದ ಆಗಲಿಲ್ಲ; ಆಗಬಾರದು ಕೂಡ, ಅವರ ಕೈಗೆ ಕಣ್ಣೇ ದಾರಿ. ಆಮೇಲೆ ಅವರು ಆಗಷ್ಟೇ ನೋಡಿದ ಒಂದು ಕಾರ್ಟೂನ್ ಚಿತ್ರದ ಕಥೆಯನ್ನು ಹೇಳತೊಡಗಿದರು. ಮರೆಯ ಹಿಂದೆ ಕೈಗಳು ಏಳುತ್ತಿದ್ದವು. ಜಾಗದಲ್ಲಿ, ಆಕಾರದಲ್ಲಿ ಅಲ್ಪಸ್ವಲ್ಪ ತಪ್ಪಿದ್ದರೂ, ಮಾತಿನ ಒತ್ತಿಗೆ ಸರಿಯಾಗಿ, ಅರ್ಥಕ್ಕೆ ಸರಿಯಾಗಿ, ಒಂದು ಗಳಿಗೆಯೂ ಹಿಂದುಮುಂದಾಗದೆ ಏಳುತ್ತಿದ್ದವು. ಮಾತು ನಿಧಾನವಾದರೆ ಕೈಯೂ ನಿಧಾನ. ಅವರು ಕೈಯನ್ನು ನೋಡುತ್ತಿಲ್ಲ, ಅದು ಎಲ್ಲಿದೆ ಎಂಬುದೂ ಅವರಿಗೆ ತಿಳಿಯುತ್ತಿಲ್ಲ. ಮುಚ್ಚಳ ತಿರುಗಿಸುವ ಕೈಯೂ ಮಾತಿನ ಜೊತೆ ಆಡುವ ಕೈಯೂ ಮೆದುಳಿನಲ್ಲಿ ಬೇರೆ ಬೇರೆ ಏರ್ಪಾಡುಗಳಿಗೆ ಸೇರಿವೆ, ಎರಡನೆಯದು ಭಾಷೆಯ ಜೊತೆಗೇ ಹೆಣೆದುಕೊಂಡಿದೆ ಎಂಬುದು ಮೆಕ್‌ನೀಲ್ ಅವರ ತೀರ್ಮಾನ.